ಎಣ್ಣೆಯಂಥ ನೀರು

ಇಟಲಿಯ ಗಾರ್ದ ಸರೋವರದ ದಂಡೆಯ ಬೆಸ್ತರ ಬಾಯಲ್ಲಿ ‘ಎಣ್ಣೆ’ ಎನ್ನುವುದಕ್ಕಿಂತ ಒಳ್ಳೆಯ ಮಾತು ಇರಲಿಲ್ಲ. ಬೆಳಗಾಗೆದ್ದು ಗಂಡಸು ಬಾಗಿಲು ತೆರೆದು, ನೀರಿನತ್ತ ನೋಡಿ, “ಎಣ್ಣೆ ಹಾಗಿದೆ ಕಣೇ” ಅಂದನೆಂದರೆ ಒಳಗಿನ ಹೆಂಗಸಿಗೆ ಎದೆಯ ಭಾರ ಇಳಿದಂತೆ. ಗಾಳಿಯಿಲ್ಲ, ಅಲೆಯಿಲ್ಲ, ಹೋದವನು ಊಟದ ಹೊತ್ತಿಗೆ ಮರಳುತ್ತಾನೆ ಎಂದು ಅದರ ಅರ್ಥ. ಹೊಸ ಮದುಮಕ್ಕಳನ್ನು ಹರಸುವಾಗಲೂ ಆ ದಂಡೆಯ ಸಾನ್ ಪ್ರೊಕೊಲೊ ಎಂಬ ಊರಿನ ಮುದುಕಿಯರು “ನಿಮ್ಮ ದಾರಿಯೆಲ್ಲ ಎಣ್ಣೆಯಾಗಲಿ” ಎನ್ನುತ್ತಿದ್ದರು. ಫೌಸ್ತಿನಳನ್ನು ಅವಳ ಮದುವೆಯ ದಿನ ಅತ್ತೆ ಒರ್ಸೊಲ ಹರಸಿದ್ದೂ ಹಾಗೆಯೇ.

ಫೌಸ್ತಿನಳ ಗಂಡ ಜೆನೊ ಬೆಸ್ತರ ಮನೆಯಲ್ಲಿ ಹುಟ್ಟಿಯೂ ಬಲೆ ಹಿಡಿದವನಲ್ಲ. ಅವನಿಗೆ ಯಂತ್ರದ ಹುಚ್ಚು. ಸರೋವರದಲ್ಲಿ ಓಡಾಡುವ ಉಗಿದೋಣಿಯ ಇಂಜಿನ್ನಿನ ಮಗ್ಗುಲಲ್ಲೇ ಬೆಳೆದವನು. ಮೊದಲ ಮಹಾಯುದ್ಧ ಬಂದಾಗ ನೌಕಾಪಡೆ ಅವನನ್ನು ವೆನಿಸಿನ ಹಿನ್ನೀರಿಗೆ ಕರೆಸಿಕೊಂಡಿತು. ಅಲ್ಲಿ ಹಾರುವ ದೋಣಿಗಳಿದ್ದವು. ಹಲಗೆಯ ಹೊಟ್ಟೆ, ಬಟ್ಟೆಯ ರೆಕ್ಕೆ, ತಲೆಯ ಮೇಲೆ ಗುಡುಗುವ ಇಂಜಿನ್. ಚಾಲಕನ ಪಕ್ಕದಲ್ಲಿ ಇಂಜಿನ್ ನೋಡಿಕೊಳ್ಳುವ ಜೆನೊ, ಅವನ ಕಾಲ ಬಳಿ ಬುಟ್ಟಿಯಲ್ಲಿ ಒಂದು ಜೊತೆ ಪಾರಿವಾಳ. ದೋಣಿ ಕೆಟ್ಟು ನಡುಗಡಲಲ್ಲಿ ಕೂತರೆ ಸುದ್ದಿ ಒಯ್ಯುವುದಕ್ಕೆ ಆ ಹಕ್ಕಿಗಳು. ಒಂದು ಸಲ ರಜೆಯ ಮೇಲೆ ಬಂದ ಜೆನೊ ಇದನ್ನೆಲ್ಲ ವರ್ಣಿಸುತ್ತಿದ್ದಾಗ ಒರ್ಸೊಲ ಒಲೆಯ ಮೇಲಿನ ಪೊಲೆಂತ, ಅಂದರೆ ಜೋಳದ ಹಿಟ್ಟಿನ ಗಂಜಿ, ತಿರುವುವುದನ್ನು ಬಿಟ್ಟು ಕೇಳಿದಳು:

“ಅದು ವಿಮಾನವೋ, ದೋಣಿಯೋ? ಒಂದೇ ಮಾತಲ್ಲಿ ಹೇಳು.”

“ದೋಣಿಗೇ ರೆಕ್ಕೆ ಕಟ್ಟಿದಾರೆ ಕಣಮ್ಮ. ಮೇಲೆ ಹೋಗಿ ಶತ್ರುಗಳ ಜಲಾಂತರ್ಗಾಮಿ ಎಲ್ಲಿದೆ ಅಂತ ಹುಡುಕ್ತೀವಿ, ಆಮೇಲೆ ಬಂದು ನೀರಿನ ಮೇಲೆ ಕೂರ್ತೀವಿ. ಬಾತುಕೋಳಿ ಕೂರಲ್ವಾ, ಹಾಗೆ.”

“ದೋಣಿ ಅಂದ್ರೆ ಸರಿ” ಎಂದು ಮುದುಕಿ ಮತ್ತೆ ಒಲೆಯ ಕಡೆ ತಿರುಗಿದಳು. “ದೋಣಿ ನಮ್ಮ ಮನೆಯವರನ್ನ ಇದುವರೆಗೂ ಕೈಬಿಟ್ಟಿಲ್ಲ.”

ಆ ರಜೆ ಮುಗಿಸಿ ಹೋದ ಜೆನೊ ತಿರುಗಿ ಬರಲಿಲ್ಲ. ಅವನ ಬದಲು ಗಸ್ಪರೆ ಎಂಬ ಸಿಪಾಯಿ ಬಂದ. ಜೆನೊ ಇದ್ದ ಠಾಣೆಯಲ್ಲಿ ಅಡಿಗೆ ಮಾಡುತ್ತಿದ್ದವನು, ಪಕ್ಕದ ಕಣಿವೆಯ ಊರಿನವನು. ಟೋಪಿಯನ್ನು ಕೈಯಲ್ಲಿ ಹಿಚುಕುತ್ತ ಹೊಸ್ತಿಲ ಹೊರಗೇ ನಿಂತು ಹೇಳಬೇಕಾದ್ದನ್ನು ಹೇಳಿದ. ಬೆಳಿಗ್ಗೆ ಕಾವಲು ಮುಗಿಸಿ ಹಾರುದೋಣಿ ವಾಪಸ್ಸು ಬರುತ್ತಿತ್ತು. ಗುಂಡೇಟು ಬಿದ್ದಿರಲಿಲ್ಲ, ಇಂಜಿನ್ ಸರಿಯಿತ್ತು. ಇಳಿಯುವಾಗ ನೆಟ್ಟಗೆ ನೀರಿಗೆ ನುಗ್ಗಿ ಹೋಯಿತು. ಚಾಲಕನ ದೇಹ ಸಿಕ್ಕಿತು, ಜೆನೊನದು ಸಿಗಲಿಲ್ಲ.

“ಬಿರುಗಾಳಿಯಿತ್ತಾ?” ಎಂದು ಒರ್ಸೊಲ ಕೇಳಿದಳು.

“ಇಲ್ಲ ತಾಯಿ. ಅವತ್ತು ಸಮುದ್ರ ಎಣ್ಣೆ ಹಾಗಿತ್ತು.”

ಪಾಪ, ಸಮಾಧಾನವಾಗಲಿ ಎಂದೇ ಅಂದಿರಬೇಕು ಆ ಗಸ್ಪರೆ. ಆದರೆ ಒರ್ಸೊಲಳ ಮುಖ ಅಲ್ಲಿಯೇ ಗಂಟಿಕ್ಕಿತು.

“ಎಣ್ಣೆಯಂಥ ನೀರಲ್ಲಿ ದೋಣಿ ಮುಳುಗುತ್ತೇನಯ್ಯ? ನಾನು ಹುಟ್ಟಿದ್ದು ಬೆಸ್ತರ ಮನೇಲಿ, ಬಾಳಿದ್ದು ಬೆಸ್ತರ ಮನೇಲಿ. ಯಾರ ಕಿವಿಗೆ ಹೂ ಇಡೋಕೆ ಬಂದಿದೀಯ?”

“ನಾನು ಅಡಿಗೆಯವನು ತಾಯಿ. ದಡದಲ್ಲಿ ನಿಂತು ನೋಡಿದವರು ಹೇಳಿದ್ದನ್ನ ಹೇಳ್ತಿದೀನಿ.”

“ಹಾಗಾದ್ರೆ ಹೋಗಿ ಅಡಿಗೆ ಮಾಡು.”

ಅವನ ಮುಖದ ಮೇಲೆಯೇ ಬಾಗಿಲು ಹಾಕಿಕೊಂಡಳು. ಫೌಸ್ತಿನಳಿಗೆ ಕುಸಿದು ಕೂರುವುದಕ್ಕೂ ವ್ಯವಧಾನ ಸಿಗಲಿಲ್ಲ. ಅತ್ತೆ ಆಗಲೇ ತೀರ್ಪು ಕೊಟ್ಟಾಗಿತ್ತು: ಮಗ ಸತ್ತಿಲ್ಲ, ಸೈನ್ಯ ಬಿಟ್ಟು ಓಡಿಹೋಗಿದ್ದಾನೆ. ವೆನಿಸಿನಲ್ಲಿ ಯಾವಳೋ ಸಿಕ್ಕಿರಬೇಕು. ಮಾನ ಉಳಿಸಿಕೊಳ್ಳಲು ಸೈನ್ಯದವರು ಕಥೆ ಕಟ್ಟಿದ್ದಾರೆ, ಕಟ್ಟುವುದಕ್ಕೂ ಬರಲಿಲ್ಲ ಅವರಿಗೆ. ಹೆಂಡತಿಯಾದವಳು ಸರಿಯಾಗಿ ಕಟ್ಟಿ ಹಾಕಿಕೊಂಡಿದ್ದರೆ ಮಗ ಯಾಕೆ ಓಡಿಹೋಗುತ್ತಿದ್ದ?

ಮಗ ಸತ್ತ ಎಂಬುದಕ್ಕಿಂತ ಮಗ ಕೆಟ್ಟ ಎಂಬುದನ್ನು ಆ ತಾಯಿ ಆರಿಸಿಕೊಂಡಳು. ಅದನ್ನು ತಪ್ಪೆನ್ನುವುದು ಸುಲಭ. ಆದರೆ ಅದರ ಭಾರ ಹೊತ್ತವಳು ಸೊಸೆ. ಇಗರ್ಜಿಯಲ್ಲಿ ಜೆನೊನ ಹೆಸರಿನಲ್ಲಿ ಪೂಜೆ ಇಡಿಸಲು ಒರ್ಸೊಲ ಬಿಡಲಿಲ್ಲ. ಫೌಸ್ತಿನ ಕಪ್ಪು ಉಡಲು ಬಿಡಲಿಲ್ಲ. “ಕಪ್ಪು ಉಡೋದು ಗಂಡ ಸತ್ತೋಳು. ನೀನು ಗಂಡ ಬಿಟ್ಟೋಳು” ಎಂದು ಬಾವಿಕಟ್ಟೆಯಲ್ಲಿ ನಾಲ್ಕು ಜನರ ಎದುರಿಗೇ ಅಂದಳು. ಹೀಗಾಗಿ ಫೌಸ್ತಿನ ಅತ್ತ ಮುತ್ತೈದೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರು ಊರಿನಲ್ಲಿ ಬೇಕಾದಷ್ಟಿದ್ದರು. ಕಪ್ಪು ಬಟ್ಟೆಯಲ್ಲಿ ಹೋಗುವ ಅವರಿಗೆ ಜನ ದಾರಿ ಬಿಟ್ಟು ನಿಲ್ಲುತ್ತಿದ್ದರು. ಬೂದುಬಣ್ಣದ ಲಂಗದಲ್ಲಿ ಹೋಗುವ ಇವಳಿಗೆ ಮಾತ್ರ ಗಂಡಸರು ಕಣ್ಣು ಮಿಟುಕಿಸುತ್ತಿದ್ದರು. ತೌರಿನವರು ತೀರಿಹೋಗಿದ್ದರು, ಬಿಟ್ಟು ಹೋಗಲು ಜಾಗವಿರಲಿಲ್ಲ. ಇಷ್ಟಾದರೂ ಅವಳು ಬೇಡಿದ್ದು ಒಂದೇ: ಗಂಡ ಸತ್ತಿದ್ದಾನೆ ಎಂದು ಅತ್ತೆ ಒಪ್ಪಬೇಕು, ತಾನು ಕಪ್ಪು ಉಡಬೇಕು. ಅವಳ ಬಾಳಿನ ಆಸೆ ಅಷ್ಟಕ್ಕೆ ಇಳಿದಿತ್ತು.

ವರ್ಷಕ್ಕೆ ಒಂದೇ ಒಂದು ದಿನ ಆ ಆಸೆ ತೀರುತ್ತಿತ್ತು. ಶುಭ ಶುಕ್ರವಾರ ಊರಿನ ಹೆಂಗಸರೆಲ್ಲ ಯೇಸುವಿಗಾಗಿ ಕಪ್ಪು ಉಡುತ್ತಾರೆ, ಫೌಸ್ತಿನಳೂ ಉಡುತ್ತಿದ್ದಳು. ಸಂಜೆ ಬಂದು ಬಿಚ್ಚಿಡುವಾಗ ಒರ್ಸೊಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಎಲ್ಲಿ ಮರುದಿನಕ್ಕೂ ಉಳಿಸಿಕೊಂಡುಬಿಡುತ್ತಾಳೋ ಎಂದು.

ಮದುವೆಗೆಂದು ಒರ್ಸೊಲ ತಾನೇ ನೇಯ್ದ ನಾರುಬಟ್ಟೆಯ ಹಾಸು ಮಾತ್ರ ಪೆಟ್ಟಿಗೆಯ ತಳದಲ್ಲಿ ಹಾಗೆಯೇ ಇತ್ತು. ಆ ಕಡೆಯ ಪದ್ಧತಿ ಅದು. ಮದುವೆಯ ರಾತ್ರಿ ಹಾಸಿದ ಬಟ್ಟೆಯನ್ನು ಒಗೆದು ಮಡಿಚಿಟ್ಟು, ಗಂಡ ಹೆಂಡಿರಲ್ಲಿ ಯಾರು ಮೊದಲು ಹೋಗುತ್ತಾರೋ ಅವರಿಗೆ ಅದನ್ನೇ ಹೊದಿಸುತ್ತಾರೆ. ಒರ್ಸೊಲ ಆ ಪೆಟ್ಟಿಗೆಯ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದಳು.

ಫೌಸ್ತಿನ ಬಟ್ಟೆ ಒಗೆದು ಬದುಕಿದಳು. ಅಗಲ ಭುಜದ, ಕಡಿಮೆ ಮಾತಿನ ಹೆಂಗಸು. ಮನೆಯ ಹಿಂದೆ ಹರಿಯುವ ತೊರೆ ಸರೋವರ ಸೇರುವಲ್ಲಿ ಒಗೆಯುವ ಕಲ್ಲುಗಳಿದ್ದವು. ಮಂಡಿಯೂರಿ ಕೂತು, ಬೂದಿಯ ತಿಳಿನೀರಿನಲ್ಲಿ ನೆನೆದ ಬಟ್ಟೆಗೆ ಸಾಬೂನು ಹಚ್ಚಿ ಉಜ್ಜಿದರೆ ನೊರೆಯೆಲ್ಲ ತೊರೆಯ ಸೆಳೆತಕ್ಕೆ ಸಿಕ್ಕಿ ಉದ್ದುದ್ದ ಗೆರೆಗಳಾಗಿ ಸರೋವರದೊಳಕ್ಕೆ ಹೋಗುತ್ತಿತ್ತು. ಪಕ್ಕದ ಕಲ್ಲು ಬ್ರಿಜಿದಳದು. ಅವಳ ಬಾಯಿಗೆ ಬಿಡುವಿಲ್ಲ, ಕೈಗೂ ಇಲ್ಲ.

ಹೀಗೆ ವರ್ಷಗಳು ಉರುಳಿದ ಮೇಲೆ ಪಕ್ಕದ ಕೊಲ್ಲಿಗೆ ವಾಯುಪಡೆಯವರು ಬಂದರು. ನೀರಿನಿಂದ ಏಳುವ ವಿಮಾನಗಳ ಪಂದ್ಯ ಆಗ ದೇಶದೇಶಗಳ ನಡುವೆ ಜಿದ್ದಾಜಿದ್ದಿಯ ಮಾತಾಗಿತ್ತು. ಇಂಗ್ಲಿಷರು ಗೆದ್ದುಕೊಂಡು ಹೋದದ್ದನ್ನು ವಾಪಸ್ಸು ತರಬೇಕೆಂದು ರೋಮಿನಿಂದ ಅಪ್ಪಣೆಯಾಗಿತ್ತಂತೆ. ಜೆನೊನ ಹಾರುವ ದೋಣಿಗೂ ಇವಕ್ಕೂ ಸಂಬಂಧವೇ ಇರಲಿಲ್ಲ. ಇವು ಕಡುಕೆಂಪು ಬಣ್ಣದ, ಸೂಜಿಯ ಹಾಗೆ ಸಪೂರವಾದ ವಿಮಾನಗಳು. ಕೆಳಗೆ ಚಕ್ರಗಳ ಬದಲು ಎರಡು ಉದ್ದನೆಯ ತೇಲುದೋಣಿಗಳು, ಒಳಗೆ ಒಬ್ಬನೇ ಚಾಲಕ. ಅವು ಸದ್ದು ಮಾಡಿದರೆ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸುತ್ತವೆ ಎಂದು ಊರವರು ಶಾಪ ಹಾಕಿದರು, ಹಾಗೆಯೇ ಸಂಜೆಯಾದರೆ ದಡದಲ್ಲಿ ಸಾಲುಗಟ್ಟಿ ನಿಂತು ನೋಡಿದರು.

ಚಾಲಕರ ಬಿಳಿಯ ನಿಲುವಂಗಿಗಳು ಒಗೆಯಲು ಬಂದದ್ದು ಫೌಸ್ತಿನ ಮತ್ತು ಬ್ರಿಜಿದರ ಪಾಲಿಗೆ. ಅವಕ್ಕೆಲ್ಲ ಎದೆಯ ಮೇಲೆ ಹರಳೆಣ್ಣೆಯ ಕಲೆ. ಓಟದ ಇಂಜಿನ್ನುಗಳಿಗೆ ಅದೇ ಎಣ್ಣೆ, ಹಾರುವಾಗ ಚಾಲಕನ ಮುಖಕ್ಕೆ ಸಿಡಿಯುತ್ತದೆ.

“ನಮ್ಮ ಯಜಮಾನರಿಗೂ ಇದನ್ನೇ ಕುಡಿಸಿದ್ರು” ಎಂದಳು ಬ್ರಿಜಿದ, ಒಂದು ನಿಲುವಂಗಿಯನ್ನು ಮೂಸಿ. ಆಳುವ ಪಕ್ಷದ ಕರಿ ಅಂಗಿಯ ಪುಂಡರ ವಿರುದ್ಧ ಹೆಂಡದಂಗಡಿಯಲ್ಲಿ ಏನೋ ಅಂದನೆಂದು ಅವಳ ಗಂಡನಿಗೆ ಬಾಟಲಿಗಟ್ಟಲೆ ಕುಡಿಸಿ ಬೀದಿಯಲ್ಲಿ ಬಿಟ್ಟಿದ್ದರು. “ಅವರು ಹಾರಲಿಲ್ಲ ನೋಡು, ಅಷ್ಟೇ ವ್ಯತ್ಯಾಸ.”

ಚಾಲಕರಲ್ಲಿ ಒಬ್ಬ ಉಬಾಲ್ದೊ, ಲೆಫ್ಟಿನೆಂಟ್. ಬೆಟ್ಟದ ಸೀಮೆಯವನು, ನೀರೆಂದರೆ ಬಾವಿಯನ್ನಷ್ಟೇ ನೋಡಿ ಬೆಳೆದವನು. ಜಂಬವಿಲ್ಲದ ಹುಡುಗ. ಒಂದು ಬೆಳಿಗ್ಗೆ ತನ್ನ ಬಟ್ಟೆಯನ್ನು ತಾನೇ ಹೊತ್ತುಕೊಂಡು ಒಗೆಯುವ ಕಲ್ಲಿನ ಹತ್ತಿರ ಬಂದ. ಸರೋವರ ಉಸಿರು ಹಿಡಿದಂತಿತ್ತು. ಸದಾ ಸಪ್ಪಗಿರುವ ಅವನ ಮೋರೆ ಅವತ್ತು ಇನ್ನೂ ಸಪ್ಪಗಿರುವುದನ್ನು ಕಂಡು ಫೌಸ್ತಿನ ಮಾತಿಗೆಂದು ಅಂದಳು:

“ಇವತ್ತು ನಿಮಗೆ ಸುಖ ಬಿಡಿ ಸಾಹೇಬ್ರೆ. ನೀರು ಎಣ್ಣೆ ಹಾಗಿದೆ.”

“ಆ ಮಾತು ಆಡಬೇಡ ಅಕ್ಕ” ಎಂದ ಉಬಾಲ್ದೊ. “ನಮಗೆ ಅದಕ್ಕಿಂತ ಕೆಟ್ಟ ಮಾತಿಲ್ಲ.”

ಫೌಸ್ತಿನಳ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. “ಯಾಕೆ?”

“ಯಾಕಂದ್ರೆ ನೀರು ಎಲ್ಲಿದೆ ಅಂತಲೇ ಕಾಣಲ್ಲ. ಮೇಲೂ ಆಕಾಶ, ಕೆಳಗೂ ಆಕಾಶ. ನೀರು ಇನ್ನೂ ಎಷ್ಟೋ ಕೆಳಗಿದೆ ಅಂತ ಅಂದ್ಕೊಂಡು ಇಳೀತಾ ಇರ್ತೀವಿ. ಅಷ್ಟರಲ್ಲಿ...” ಅವನು ಒಂದು ಅಂಗೈಯಿಂದ ಇನ್ನೊಂದಕ್ಕೆ ಛಟ್ಟೆಂದು ಬಡಿದ. “ಇಲ್ಲಾಂದ್ರೆ ನೀರು ಸಿಕ್ತು ಅಂತ ಇಂಜಿನ್ ಇಳಿಸ್ತೀವಿ, ನೀರು ಇನ್ನೂ ಮನೆಯೆತ್ತರ ಕೆಳಗಿರುತ್ತೆ. ಕಲ್ಲು ಬಿದ್ದ ಹಾಗೆ ಬೀಳ್ತೀವಿ. ಅಲೆ ಇದ್ರೆ ಭಯವಿಲ್ಲ, ಅಲೆ ಕಣ್ಣಿಗೆ ಕಾಣುತ್ತೆ. ಅದಕ್ಕೇ ನಮ್ಮ ಮೋಟಾರು ದೋಣಿಯವರು ಮೊದಲು ಹೋಗಿ ನೀರು ಕಲಕಿ ಬರ್ತಾರೆ. ಅವರು ಇಲ್ಲದ ದಿನ ನಾನು ಏನು ನೋಡ್ಕೊಂಡು ಇಳೀತೀನಿ ಗೊತ್ತಾ? ನಿಮ್ಮ ನೊರೆ.”

“ನಮ್ಮ ನೊರೆನಾ?” ಎಂದು ಬ್ರಿಜಿದ ಬಾಯಿ ಬಿಟ್ಟಳು.

“ಹೌದು. ಬಿಳಿ ಗೆರೆ ಉದ್ದಕ್ಕೂ ಹೋಗಿರುತ್ತಲ್ಲ, ಅದರ ಮಗ್ಗುಲಲ್ಲೇ ಕೂರ್ತೀನಿ. ನೀರು ಅಲ್ಲಿದೆ ಅಂತ ಅದೊಂದೇ ಹೇಳೋದು.”

ಬ್ರಿಜಿದ ನಕ್ಕಳು. ಫೌಸ್ತಿನ ನಗಲಿಲ್ಲ. ಯಾರದೋ ವಿಷಯ ಕೇಳುವವಳಂತೆ ಕೇಳಿದಳು: “ಯುದ್ಧದಲ್ಲಿ ಹಾರುವ ದೋಣಿ ಇದ್ವಲ್ಲ, ಅವುಗಳಿಗೂ ಹೀಗೇನಾ?”

“ಎಲ್ಲದಕ್ಕೂ ಹೀಗೇ. ಗುಂಡಿಗೆ ಸಿಕ್ಕದೆ ವಾಪಸ್ ಬಂದು, ಮನೆ ಬಾಗಿಲಲ್ಲಿ ಎಣ್ಣೆಯಂಥ ನೀರಿಗೆ ಸಿಕ್ಕವರು ಎಷ್ಟೋ ಜನ. ನಮಗೆ ಪಾಠ ಶುರುವಾಗೋದೇ ಅವರ ಕಥೆಯಿಂದ.”

ಅವನು ಹೋದ ಮೇಲೆ ಫೌಸ್ತಿನ ನಿಲುವಂಗಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬ್ರಿಜಿದಳಂಥ ಬ್ರಿಜಿದಳೂ ಒಂದು ಮಾತಾಡದೆ ಆ ಇಡೀ ರಾಶಿಯನ್ನು ತಾನೊಬ್ಬಳೇ ಒಗೆದು ಹಾಕಿದಳು. ದುಃಖದ ಅಳುವೇ ಅದು, ಆದರೆ ಅದರಲ್ಲಿ ಬಿಡುಗಡೆಯೂ ಇತ್ತು. ಗಂಡ ಓಡಿಹೋಗಿರಲಿಲ್ಲ. ಅವನು ಮನೆಯ ಕಡೆಗೇ ಬರುತ್ತಿದ್ದ.

ಆ ಮಧ್ಯಾಹ್ನವೇ ಅತ್ತೆಗೆ ಹೇಳಿದಳು. ಒರ್ಸೊಲ ಒಣಮೀನಿನ ತಲೆ ಮುರಿಯುತ್ತ ಕೊನೆಯವರೆಗೂ ಕೇಳಿದಳು.

“ನೀನು ಅತ್ತಿರ್ತೀಯ, ಆ ಹುಡುಗ ಸಮಾಧಾನ ಹೇಳಿರ್ತಾನೆ.”

“ನಾನು ಕೇಳೋದಕ್ಕೆ ಮೊದಲೇ ಅವನು ಹೇಳಿದ್ದು ಅತ್ತೆ.”

“ನೀರು ಶಾಂತವಾಗಿದ್ರೆ ಸಾಯ್ತಾರೆ, ಅಲೆ ಎದ್ರೆ ಬದುಕ್ತಾರೆ. ಇದು ಯಾವ ಸೀಮೆ ನ್ಯಾಯ? ನನ್ನ ಗಂಡ, ನನ್ನ ಅಪ್ಪ, ಅವರಪ್ಪ, ಎಲ್ಲರೂ ಮೂರ್ಖರು, ಆ ಬೆಟ್ಟದ ಹುಡುಗ ಒಬ್ಬ ಜಾಣ!” ಮೀನಿನ ತಲೆಯನ್ನು ಬೆಕ್ಕಿಗೆ ಎಸೆದು ಎದ್ದಳು. “ಕಪ್ಪು ಉಡೋಕೆ ಹೊಸ ದಾರಿ ಹುಡುಕಿದೀಯ.”

ಫೌಸ್ತಿನ ಮತ್ತೆ ಆ ಮಾತು ಎತ್ತಲಿಲ್ಲ. ಒಂದು ಆಸೆ ಅವಳಲ್ಲಿ ಅವತ್ತು ಸತ್ತಿತು ಎಂದೇ ಹೇಳಬೇಕು.

ಅದಾಗಿ ಈಸ್ಟರಿನ ವಾರ ಬಂತು. ಗುರುವಾರ ಇಗರ್ಜಿಯ ಗಂಟೆಗಳನ್ನು ಕಟ್ಟಿಹಾಕಿದರು. ಶುಕ್ರವಾರ ಬೆಳಿಗ್ಗೆ ಗಂಟೆಯ ಬದಲು ಮರದ ಗಿರಗಟ್ಟೆಯ ಕಟಕಟ ಸದ್ದು ಬೀದಿಗಳಲ್ಲಿ ಸುತ್ತಿ ಜನರನ್ನು ಕರೆಯಿತು. ಬೆಸ್ತರು ದೋಣಿಗಳನ್ನು ದಡಕ್ಕೆಳೆದು ಬೋರಲು ಹಾಕಿದ್ದರು. ಒಗೆಯುವ ಕಲ್ಲುಗಳು ಒಣಗಿದ್ದವು. ಶಿಲುಬೆ ಹೊತ್ತು ಹೋಗುತ್ತಿದ್ದ ಯೇಸುವಿನ ಮೇಲೆ ಒಬ್ಬ ಒಗೆಯುವವಳು ಕೊಳೆನೀರು ಎರಚಿದಳಂತೆ. ಅಂದಿನಿಂದ ಆ ದಿನ ಬಟ್ಟೆಯನ್ನು ನೀರಿಗೆ ಇಳಿಸಿದವಳು ತನ್ನ ಮನೆಯವರದೇ ಹೆಣದ ಬಟ್ಟೆ ಒಗೆದಂತೆ ಎಂದು ನಂಬಿಕೆ. ಸಾನ್ ಪ್ರೊಕೊಲೊದಲ್ಲಿ ಹೆತ್ತ ಕೂಸಿನ ಬಟ್ಟೆಯನ್ನೂ ಆ ದಿನ ಹಾಗೇ ಮೂಲೆಗೆ ಹಾಕಿಡುತ್ತಿದ್ದರು. ಫೌಸ್ತಿನ ಈ ನಂಬಿಕೆಯನ್ನು ಕಲಿತದ್ದು ಒರ್ಸೊಲಳಿಂದಲೇ.

ಅತ್ತೆ ಸೊಸೆ ಕಪ್ಪು ಉಟ್ಟು ಇಗರ್ಜಿಗೆ ಹೊರಟಿದ್ದರು. ಹಿಂದೆ ಬ್ರಿಜಿದಳೂ ಇನ್ನು ನಾಲ್ಕಾರು ಹೆಂಗಸರೂ ಇದ್ದರು. ದಂಡೆಯ ದಾರಿಗೆ ಬಂದಾಗ ತಲೆಯ ಮೇಲೆ ಇಂಜಿನ್ನಿನ ಸದ್ದು. ದೊರೆಗಳು ಅಪ್ಪಣೆ ಕೊಡುವಾಗ ಹಬ್ಬವೇನು, ಹರಿದಿನವೇನು! ಪಂದ್ಯದ ದಿನ ಹತ್ತಿರ ಬಂದಿದೆಯೆಂದು ಶುಭ ಶುಕ್ರವಾರವೂ ಹಾರಿಸಿದ್ದರು. ಕೆಂಪು ವಿಮಾನ ಒಂದು ಸುತ್ತು ಹಾಕಿ, ಇಳಿಯಲು ದೂರದಿಂದ ತಗ್ಗುತ್ತ ಬಂತು.

ಸರೋವರದಲ್ಲಿ ಒಂದು ಸುಕ್ಕೂ ಇರಲಿಲ್ಲ. ಆಚೆ ದಡದ ಗುಡ್ಡ ನೀರಿನೊಳಗೆ ತಲೆಕೆಳಗಾಗಿ ನಿಂತಿತ್ತು. ನೀರು ಕಲಕುವ ಮೋಟಾರು ದೋಣಿ ಅಷ್ಟು ದೂರದಲ್ಲಿ ಕೆಟ್ಟು ನಿಂತಿತ್ತು. ಅದರೊಳಗಿದ್ದ ಇಬ್ಬರು ಹುಟ್ಟು ಹಾಕುತ್ತ ಒದ್ದಾಡುತ್ತಿದ್ದರು.

ವಿಮಾನ ತಗ್ಗಿತು, ಮೂಗು ಎತ್ತಿತು, ಸದ್ದು ಇಳಿಸಿತು. ಆದರೆ ಅದು ಇನ್ನೂ ಮನೆಯೆತ್ತರದಲ್ಲಿತ್ತು. ಅಲ್ಲಿಂದಲೇ ಕುಸಿಯತೊಡಗಿ, ಒಂದು ರೆಕ್ಕೆ ವಾಲಿ, ಇಂಜಿನ್ ಚೀರಿಕೊಂಡು ಹೇಗೋ ಮೇಲೆದ್ದು ಹೋಯಿತು. ಹೆಂಗಸರೆಲ್ಲ ಶಿಲುಬೆಯ ಗುರುತು ಹಾಕಿಕೊಂಡರು.

“ಯಾಕೆ ಕೂರ್ತಿಲ್ಲ ಅವನು?” ಎಂದಳು ಒರ್ಸೊಲ ರೇಗಿ. “ಏನಾಗಿದೆ ಅವನಿಗೆ? ನೀರು ಎಣ್ಣೆ ಹಾಗಿದೆಯಲ್ಲ!”

ಅತ್ತೆ ತನ್ನ ಮಾತನ್ನು ತಾನೇ ಕೇಳಿಸಿಕೊಂಡದ್ದು ಫೌಸ್ತಿನಳಿಗೆ ಮುಖ ನೋಡದೆಯೇ ತಿಳಿಯಿತು.

ಎರಡನೆಯ ಸಲ ಬಂದಾಗ ಅವನು ಇನ್ನೂ ಕೆಳಗೆ ಬಂದ. ಈ ಸಲ ನೀರು ಅವನೆಣಿಸಿದ್ದಕ್ಕಿಂತ ಮೊದಲೇ ಬಂದುಬಿಟ್ಟಿತು. ತೇಲುದೋಣಿ ಬಡಿದ ಸದ್ದು ದಂಡೆಯವರೆಗೂ ಕೇಳಿಸಿತು. ಬಿಳಿಯ ನೀರು ಚಿಮ್ಮಿ, ವಿಮಾನ ಪುಟಿದು, ಕುಂಟುತ್ತ ಮೇಲೇರಿತು. ಅದು ಎಬ್ಬಿಸಿದ ಅಲೆ ಅಷ್ಟಗಲ ಹೋಗಿ, ನೋಡುತ್ತಿದ್ದಂತೆಯೇ ಮಲಗಿಕೊಂಡಿತು. ಓಟದ ವಿಮಾನಕ್ಕೆ ಬಹಳ ಹೊತ್ತಿಗಾಗುವಷ್ಟು ಪೆಟ್ರೋಲು ತುಂಬಿರುವುದಿಲ್ಲ ಎಂಬುದು ಅಷ್ಟರಲ್ಲಿ ಊರಿನ ಮಕ್ಕಳಿಗೂ ಗೊತ್ತಿತ್ತು.

“ನೊರೆ ಹುಡುಕ್ತಿದಾನೆ” ಎಂದಳು ಫೌಸ್ತಿನ. “ನಮ್ಮ ಕಲ್ಲುಗಳ ಮೇಲೇ ಸುತ್ತುತಾ ಇದಾನೆ ಬ್ರಿಜಿದ. ಅಲ್ಲಿ ಗೆರೆ ಇರುತ್ತೆ ಅಂತ ಬಂದಿದಾನೆ. ಇವತ್ತು ನಾವು ಒಗೆಯಲ್ಲ ಅಂತ ಬೆಟ್ಟದ ಸೀಮೆಯವನಿಗೆ ಏನು ಗೊತ್ತು?”

ಹೇಳುತ್ತಲೇ ತೊರೆಯ ಕಡೆ ಇಳಿದಳು. ನಾಲ್ಕು ಹೆಜ್ಜೆಗೇ ಕಾಲು ನಿಂತುಹೋಯಿತು. ಅವಳ ಮನೆಯಲ್ಲಿ ಇದ್ದವರು ಇಬ್ಬರೇ. ಬಟ್ಟೆ ನೀರಿಗಿಳಿಸಿದರೆ ಹೋಗುವುದು ತಾನು, ಇಲ್ಲವೇ ಅತ್ತೆ. ಹತ್ತಿಪ್ಪತ್ತು ಬಾರಿ ಆ ಮುದುಕಿಯ ಸಾವನ್ನು ಅವಳು ಮನಸ್ಸಿನೊಳಗೆ ಬಯಸಿದ್ದುಂಟು. ಈಗ ತನ್ನ ಕೈಯಲ್ಲೇ ಇರುವಾಗ ಅದು ಬೇಡವಾಯಿತು.

ಹಿಂದಿನಿಂದ ಬಂದು ಒರ್ಸೊಲ ಅವಳ ತೋಳು ಹಿಡಿದಳು. “ನಿಲ್ಲು.”

“ಬಿಡಿ ಅತ್ತೆ. ಆ ಹುಡುಗ ಸಾಯ್ತಾನೆ.”

“ನಿಲ್ಲು ಅಂದೆ. ಬರಿಗೈಲಿ ಹೋಗಿ ಏನನ್ನ ಒಗೀತೀಯ?”

ಮುದುಕಿ ತಿರುಗಿ ಮನೆಯ ಕಡೆ ನಡೆದಳು. ಓಡಿದಳು ಎನ್ನಬೇಕು, ಆ ವಯಸ್ಸಿಗೆ ಅದು ಓಟವೇ. ಬರುವಾಗ ಎದೆಗೆ ಅವುಚಿಕೊಂಡಿದ್ದದ್ದು ಪೆಟ್ಟಿಗೆಯ ತಳದ ಆ ಹಾಸು. ಒಂದೊಂದು ನೂಲನ್ನೂ ತಾನೇ ನೂತು ನೇಯ್ದದ್ದು. ಸೊಸೆಯ ಕೈಗೆ ಹಾಕಿ ಅಂದಳು:

“ಇದನ್ನ ಒಗಿ. ಹೆಣದ ಬಟ್ಟೆ ಬೇಕು ಅಂತಾನೆ ಅಲ್ವಾ ಈ ದಿನ ಕೇಳೋದು? ಇದು ಹೆಣದ ಬಟ್ಟೆಯೇ. ಜೆನೊದು. ಇದರ ಲೆಕ್ಕ ಯಾವತ್ತೋ ತೀರಿದೆ, ಇನ್ನು ನಮ್ಮ ಮನೆಯಿಂದ ಯಾರನ್ನೂ ಕೇಳೋ ಹಾಗಿಲ್ಲ.”

ಫೌಸ್ತಿನ ಅತ್ತೆಯ ಮುಖ ನೋಡಿದಳು. ನೋಡುತ್ತ ನಿಲ್ಲುವ ಹೊತ್ತಲ್ಲ ಅದು. ಇಬ್ಬರೂ ಕಪ್ಪು ಲಂಗದಲ್ಲೇ ತೊರೆಗೆ ಇಳಿದರು. ಗುರುವಾರ ಉಳಿದಿದ್ದ ಬೂದಿನೀರಿನ ತೊಟ್ಟಿಯನ್ನು ಬುಡಮೇಲು ಮಾಡಿದರು. ಫೌಸ್ತಿನ ಸಾಬೂನಿನ ದೊಡ್ಡ ಗಟ್ಟಿಯನ್ನೇ ಹಾಸಿನ ಮೇಲೆ ಎಳೆದೆಳೆದು ಉಜ್ಜಿದಳು. ಒರ್ಸೊಲ ಮಂಡಿಯೂರಿ ಎರಡೂ ಕೈಯಿಂದ ಅದನ್ನು ಕಲ್ಲಿಗೆ ಬಡಿದಳು.

“ಕೆಟ್ಟಿರಿ ಕಣ್ರೇ, ಕೆಟ್ಟಿರಿ! ಪಾದ್ರಿಗಳು ನಿಮ್ಮನ್ನ ಇಗರ್ಜಿ ಮೆಟ್ಟಿಲು ಹತ್ತಿಸಲ್ಲ” ಎಂದು ದಂಡೆಯ ಮೇಲಿಂದ ಬ್ರಿಜಿದ ಕೂಗಿಕೊಂಡಳು. ಕೂಗುತ್ತಲೇ ತಲೆವಸ್ತ್ರ ಕಿತ್ತೆಸೆದು ನೀರಿಗೆ ಬಿದ್ದಳು. “ಸರಿ ಆಚೆ, ಹಾಗಲ್ಲ ನೊರೆ ಎಬ್ಬಿಸೋದು!” ಎಂದು ಒರ್ಸೊಲಳನ್ನೇ ಪಕ್ಕಕ್ಕೆ ತಳ್ಳಿ, ತೋಳಿನವರೆಗೂ ಕೈಯಿಳಿಸಿ ಸಾಬೂನು ನೀರು ಕಲಕತೊಡಗಿದಳು. ಉಳಿದ ಹೆಂಗಸರು ದಂಡೆಯ ಮೇಲೆ ನಿಂತು ಜಪಮಾಲೆ ಎಣಿಸಿದರು. ಅವರನ್ನು ತಪ್ಪೆನ್ನುವಂತಿಲ್ಲ, ಅವರ ಮನೆಗಳಲ್ಲಿ ಮಕ್ಕಳಿದ್ದರು.

ನೊರೆ ಮೊದಲು ಕಲ್ಲುಗಳ ಸುತ್ತ ಗಿರಕಿ ಹೊಡೆಯಿತು. ಆಮೇಲೆ ಸೆಳೆತಕ್ಕೆ ಸಿಕ್ಕಿತು. ಬಿಳಿಯ ಗೆರೆಯೊಂದು ಸರೋವರದೊಳಕ್ಕೆ ಹೊರಟಿತು. ಆದರೆ ತೆಳ್ಳಗಿತ್ತು, ತುಂಬ ತೆಳ್ಳಗೆ.

“ಸಾಲದು” ಎಂದಳು ಫೌಸ್ತಿನ.

ಒರ್ಸೊಲ ಸೊಸೆಯ ಕೈಯಿಂದ ಹಾಸನ್ನು ತೆಗೆದುಕೊಂಡಳು. ಅದರ ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದನ್ನು ಸೊಸೆಗೆ ಕೊಟ್ಟಳು. ಮದುವೆಯ ದಿನ ಅತ್ತೆ ಸೊಸೆ ಸೇರಿ ಹಾಸುವಂತೆಯೇ ಇಬ್ಬರೂ ಅದನ್ನು ನೀರಿನ ಮೇಲೆ ಬಿಡಿಸಿ ಹಾಸಿ, ಕೈ ಬಿಟ್ಟರು. ಬಿಳಿಯ ಹಾಸು ಗಾಳಿ ತುಂಬಿಕೊಂಡು, ನೊರೆಯ ನಡುವೆ ತೇಲುತ್ತ ತೊರೆಯ ಬಾಯಿ ದಾಟಿ ಹೋಯಿತು.

ಕೆಂಪು ವಿಮಾನ ಗುಡ್ಡದ ಕಡೆಯಿಂದ ಮೂರನೆಯ ಸಲ ಬಂತು. ಈ ಸಲ ಅದು ಸ್ವಲ್ಪ ಈಚೆಗೆ ವಾಲಿ ಬಂತು. ಕಂಡಿದೆ ಅವನಿಗೆ ಎಂದು ಫೌಸ್ತಿನಳ ಬಾಯಿ ತಾನಾಗಿ ಅಂದಿತು. ತಗ್ಗಿತು, ಇನ್ನೂ ತಗ್ಗಿತು, ಬಿಳಿಯ ಗೆರೆಯ ಮಗ್ಗುಲಿಗೆ ತೇಲುದೋಣಿಗಳನ್ನು ಇಟ್ಟಿತು. ನೀರು ಸೀಳಿದ ಸದ್ದು ಬಂತು, ಎರಡು ಕಡೆಯೂ ನೀರು ಎದ್ದಿತು. ವಿಮಾನ ಕುಣಿಯಲಿಲ್ಲ, ಬೀಳಲಿಲ್ಲ. ಓಡಿ, ಓಡಿ, ನಿಧಾನವಾಗಿ ಕೂತಿತು.

ಬ್ರಿಜಿದ ತೊರೆಯಲ್ಲೇ ಕುಕ್ಕರಿಸಿ ಜೋರಾಗಿ ಅತ್ತಳು. ಒರ್ಸೊಲ ವಿಮಾನವನ್ನು ನೋಡುತ್ತಿರಲಿಲ್ಲ. ತೇಲುದೋಣಿಯ ಅಲೆ ಹಾಸಿನ ಮೇಲೆ ಹಾದು ಹೋಗಿತ್ತು. ಅದು ಒಂದು ಮೂಲೆಯಿಂದ ಒದ್ದೆಯಾಗುತ್ತ, ಮಡಿಚಿಕೊಳ್ಳುತ್ತ, ಸ್ವಲ್ಪ ಹೊತ್ತು ನೀರಿನ ಕೆಳಗೆ ಬೆಳ್ಳಗೆ ಕಂಡು, ಆಮೇಲೆ ಕಾಣಲಿಲ್ಲ.

“ಹೊದ್ದುಕೊಳ್ಳಪ್ಪ” ಎಂದಳು ಆ ತಾಯಿ. “ಚಳಿ ಇರುತ್ತೆ, ಹೊದ್ದುಕೋ.”

ಮಧ್ಯಾಹ್ನ ಉಬಾಲ್ದೊ ಮನೆಯ ಬಾಗಿಲಿಗೆ ಬಂದ. ಹಣೆಗೆ ಪಟ್ಟಿ ಕಟ್ಟಿತ್ತು. ತನ್ನಿಂದ ಹೋದ ಬಟ್ಟೆಯ ಬದಲು ಹೊಸ ಹಾಸೊಂದನ್ನು ತಂದುಕೊಡುತ್ತೇನೆ ಎಂದ.

“ಬೇಡಪ್ಪ” ಎಂದಳು ಒರ್ಸೊಲ. “ಅಂಥದ್ದು ಮನೇಲಿ ಇನ್ನೊಂದು ಬೇಡ. ನೀನು ಒಳಗೆ ಬಾ, ಕೂತ್ಕೋ. ಆ ಎಣ್ಣೆಯಂಥ ನೀರಿನ ವಿಷಯ ನನಗೆ ಮೊದಲಿಂದ ಹೇಳು.”

ಅವನು ಹೇಳಿದ. ಅವಳು ಅಡ್ಡ ಮಾತಾಡದೆ ಕೇಳಿದಳು. ನಡುವೆ ಒಂದೇ ಪ್ರಶ್ನೆ: “ಪಕ್ಕದಲ್ಲಿ ಕೂತವನಿಗೆ ಗೊತ್ತಾಗುತ್ತಾ?” “ಇಲ್ಲಮ್ಮ” ಎಂದ ಉಬಾಲ್ದೊ, “ಮನೆ ಬಂತು ಅಂತಲೇ ಅಂದ್ಕೊಂಡಿರ್ತಾನೆ.” ಅದು ನಿಜವೋ, ತಾಯಿಗೆಂದು ಆಡಿದ ಮಾತೋ, ಅವನನ್ನೇ ಕೇಳಬೇಕಿತ್ತು.

ಆ ಪಂದ್ಯದಲ್ಲಿ ಇಂಗ್ಲಿಷರೇ ಗೆದ್ದರು. ಕೆಲವು ವರ್ಷಗಳಲ್ಲಿ ಪಂದ್ಯವೂ ನಿಂತಿತು, ಕೆಂಪು ವಿಮಾನಗಳೂ ಹೋದವು, ಉಬಾಲ್ದೊ ದಕ್ಷಿಣದ ಯಾವುದೋ ಕಡಲ ಠಾಣೆಗೆ ವರ್ಗವಾದ. ಹಾಸು ಒಗೆದ ಆ ವರ್ಷ ಸಾನ್ ಪ್ರೊಕೊಲೊದಲ್ಲಿ ಅವರ ಮನೆಯಲ್ಲಾಗಲಿ, ಬ್ರಿಜಿದಳ ಮನೆಯಲ್ಲಾಗಲಿ ಯಾರೂ ಸಾಯಲಿಲ್ಲ. ಒರ್ಸೊಲ ಬಹಳ ಕಾಲ ಬದುಕಿದಳು. ಗಾಳಿಯಿಲ್ಲದ ಬೆಳಿಗ್ಗೆ ಎದ್ದರೆ ಮೊದಲ ಕೆಲಸವಾಗಿ ಕೋಲೂರಿಕೊಂಡು ದಂಡೆಗೆ ಹೋಗಿ, ಒಂದು ಕಲ್ಲು ಹುಡುಕಿ ನೀರಿಗೆ ಎಸೆದು ಬರುತ್ತಿದ್ದಳು. ಮುದುಕಿಗೆ ಅರುಳುಮರುಳು ಎಂದು ಹೊಸಬರು ನಗುತ್ತಿದ್ದರು. ಅವಳು ಹೋದ ಮೇಲೆ ಫೌಸ್ತಿನ ಎಸೆದಳು. ಮದುಮಕ್ಕಳನ್ನು ಹರಸಬೇಕಾಗಿ ಬಂದರೆ ಅವಳು ಎಣ್ಣೆಯ ಮಾತು ಆಡುತ್ತಿರಲಿಲ್ಲ, ಸುಮ್ಮನೆ ತಲೆಯ ಮೇಲೆ ಕೈಯಿಡುತ್ತಿದ್ದಳು.

ಅದೆಲ್ಲ ಆಮೇಲಿನ ಮಾತು. ಆ ಶುಕ್ರವಾರ ಸಂಜೆ, ಉಬಾಲ್ದೊ ಹೋದ ಮೇಲೆ, ಫೌಸ್ತಿನ ಎಂದಿನಂತೆ ಒಳಕೋಣೆಗೆ ಹೋದಳು. ಒಲೆಯ ಮುಂದೆ ಕೂತು ಆರಿಸಿಕೊಂಡಿದ್ದರೂ ಲಂಗದ ಅಂಚು ಇನ್ನೂ ಒದ್ದೆಯಿತ್ತು, ಸಾಬೂನಿನ ವಾಸನೆಯಿತ್ತು. ನಾಳೆಯ ಬೂದುಬಣ್ಣದ ಲಂಗವನ್ನು ಗೂಟದಿಂದ ತೆಗೆದು ಮಂಚದ ಮೇಲಿಟ್ಟು, ಕಪ್ಪು ರವಿಕೆಯ ಮೊದಲ ಗುಂಡಿಗೆ ಕೈ ಹಾಕಿದಳು. ಬಾಗಿಲಲ್ಲಿ ನೆರಳು ಬಿತ್ತು. ಪ್ರತಿವರ್ಷದಂತೆ ಒರ್ಸೊಲ ನೋಡಲು ಬಂದು ನಿಂತಿದ್ದಳು. ಫೌಸ್ತಿನ ಬೇಗಬೇಗ ಗುಂಡಿ ಬಿಚ್ಚತೊಡಗಿದಳು.

ಮುದುಕಿ ಒಳಗೆ ಬಂದು, ಮಂಚದ ಮೇಲಿದ್ದ ಬೂದುಬಣ್ಣದ ಲಂಗವನ್ನು ಎತ್ತಿ ತನ್ನ ತೋಳಿನ ಮೇಲೆ ಹಾಕಿಕೊಂಡಳು. ಸೊಸೆ ಬಿಚ್ಚಿದ್ದ ಗುಂಡಿಯನ್ನು ತನ್ನ ಕೈಯಿಂದಲೇ ಮತ್ತೆ ಹಾಕಿದಳು.

“ಬಿಚ್ಚಬೇಡ ಮಗಳೆ” ಎಂದಳು.